ಆರು ತಿಂಗಳ ಹವಾಮಾನ ತರಬೇತಿ: ನಮ್ಮ ಕೈಲಿ ಉಳಿದದ್ದೆಷ್ಟು

ಮೊದಲ ದಿನ ಬೆಳಿಗ್ಗೆ ತರಬೇತುದಾರರು ನಮ್ಮ ಹನ್ನೆರಡು ಜನರ ಮುಂದೆ ನಗರದ ನಕ್ಷೆ ಹಾಸಿದರು. ಒಬ್ಬೊಬ್ಬರಿಗೂ ಒಂದು ಟ್ರೇಸಿಂಗ್ ಹಾಳೆ, ಒಂದು ನೀಲಿ ಪೆನ್ಸಿಲ್. ಕೇಳಿದ್ದು ಒಂದೇ ಪ್ರಶ್ನೆ: ಹಿಂದಿನ ದೊಡ್ಡ ಮಳೆಯಲ್ಲಿ ನೀರು ಮೊದಲು ಎಲ್ಲಿ ನಿಂತಿತು, ಎಷ್ಟು ಎತ್ತರ ನಿಂತಿತು? ನಾನು ಮಳೆನೀರು ಚರಂಡಿ ವಿಭಾಗದಲ್ಲಿ 17 ವರ್ಷದಿಂದ ಎಂಜಿನಿಯರ್. ಗೊತ್ತಿದೆ ಎಂಬ ಧೈರ್ಯದಲ್ಲೇ ಗುರುತು ಹಾಕಿದೆ. ಹನ್ನೆರಡು ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದಾಗ ಎರಡೇ ಎರಡು ಜಾಗಗಳಲ್ಲಿ ಗೆರೆಗಳು ಕೂಡಿದವು. ರಸ್ತೆ ವಿಭಾಗದವರು ಕಂಡ ನೀರು ಬೇರೆ, ಆರೋಗ್ಯ ವಿಭಾಗದವರು ಕಂಡದ್ದು ಬೇರೆ, ನಾನು ಕಂಡದ್ದು ಬೇರೆ.

ಮಧ್ಯಾಹ್ನ ಅವರು ಹೂಳೆತ್ತುವ ತಂಡದ ಮೇಸ್ತ್ರಿಯನ್ನು ಕರೆಸಲು ಹೇಳಿದರು. ತರಬೇತಿಗೆ ಬರಬೇಕಾದವರ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಪಟ್ಟಿ ತಯಾರಿಸಿದ್ದು ನಾನೇ. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದ ಅವರು ನಕ್ಷೆಯನ್ನು ಒಂದು ಸುತ್ತು ತಿರುಗಿಸಿ, ಬಸ್ ನಿಲ್ದಾಣ ತಮ್ಮ ಎಡಗೈಗೆ ಬರುವ ಹಾಗೆ ಇಟ್ಟುಕೊಂಡರು. ಆಮೇಲೆ ಬೆರಳಿಟ್ಟು ಹೇಳುತ್ತಾ ಹೋದರು: "ಇಲ್ಲಿ ಮೊಣಕಾಲು ಮಟ್ಟ, ಮೇಡಂ. ಇಲ್ಲಿ ಕಿಟಕಿ ದಂಡೆವರೆಗೆ. ಈ ಮೋರಿ ಇದೆಯಲ್ಲ, ಇದರ ಬಾಯಿ ದೊಡ್ಡದು, ಹೊಟ್ಟೆ ಸಣ್ಣದು. ಒಳಗೆ ನೀರಿನ ಪೈಪ್ ಅಡ್ಡ ಹಾಕಿದ್ದಾರೆ, ಅದಕ್ಕೆ ಕಸ ಸಿಕ್ಕಿಕೊಳ್ಳುತ್ತೆ." ಆ ಪೈಪ್ ಯಾವ ನಕ್ಷೆಯಲ್ಲೂ ಇರಲಿಲ್ಲ. ಒಂದು ಗಂಟೆಯಲ್ಲಿ 23 ಜಾಗಗಳು ಗುರುತಾದವು. ಮರುದಿನ ಹೋಗಿ ಗೋಡೆಗಳ ಮೇಲಿನ ಹಳೆಯ ಕಲೆಗಳನ್ನು ಟೇಪ್ ಹಿಡಿದು ಅಳೆದೆವು. ಅವರು ಹೇಳಿದ ಎತ್ತರಕ್ಕೂ ಕಲೆಯ ಎತ್ತರಕ್ಕೂ ನಾಲ್ಕು ಬೆರಳಿಗಿಂತ ಹೆಚ್ಚಿನ ವ್ಯತ್ಯಾಸ ಎಲ್ಲೂ ಸಿಗಲಿಲ್ಲ.

ಈ ವಿಮರ್ಶೆಯನ್ನು ಆ ದಿನದಿಂದಲೇ ಶುರು ಮಾಡಿದ್ದೇನೆ, ಯಾಕೆಂದರೆ ಆರು ತಿಂಗಳ ಸೇವೆಯಲ್ಲಿ ಅತ್ಯುತ್ತಮವಾದದ್ದು ಆ ದಿನವೇ ಆಗಿಹೋಯಿತು. ನಗರಗಳಿಗೆ ಹವಾಮಾನ ಬದಲಾವಣೆ ಎದುರಿಸುವ ಶಕ್ತಿ ತುಂಬಿ, ಹಸಿರು ಅಭಿವೃದ್ಧಿಯ ಯೋಜನೆ ಮಾಡಿಕೊಡುತ್ತೇವೆ ಎನ್ನುವ ಸಂಸ್ಥೆಗಳು ಈಗ ಬಹಳ ಇವೆ. ನಮ್ಮ ನಗರಾಡಳಿತ ಅಂಥದೊಂದು ಸಂಸ್ಥೆಯ ಸೇವೆ ಪಡೆಯಿತು. ಸಂಸ್ಥೆಯ ಹೆಸರು ಹೇಳುವುದಿಲ್ಲ. ಇದೇ ಬಗೆಯ ಕಾರ್ಯಕ್ರಮದ ಕರಾರಿಗೆ ಸಹಿ ಹಾಕಲು ಕೂತಿರುವ ಬೇರೆ ನಗರದವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ. ಕಾರ್ಯಕ್ರಮದಲ್ಲಿ ಇದ್ದದ್ದು: ಎಂಟು ವಾರ ತರಗತಿ ಮತ್ತು ಕ್ಷೇತ್ರ ಕೆಲಸ, ಐದು ವಾರ ಇಂಗಾಲದ ಲೆಕ್ಕ (ಭೂಮಿ ಬಿಸಿ ಮಾಡುವ ಅನಿಲವನ್ನು ನಗರ ಎಷ್ಟು ಹೊರಬಿಡುತ್ತದೆ ಎಂಬ ಎಣಿಕೆ), ಒಂದಷ್ಟು ದಿನ ಹಣಕಾಸು, ಉಳಿದ ಕಾಲ ಕ್ರಿಯಾಯೋಜನೆಯ ಬರವಣಿಗೆ.

ತರಗತಿಗಳ ಬಗ್ಗೆ ನನಗೆ ಗೌರವ ಇದೆ. "ನೂರು ವರ್ಷಕ್ಕೊಮ್ಮೆ ಬರುವ ಮಳೆ" ಎಂಬ ಮಾತನ್ನು ನಾವೆಲ್ಲ ಕಾಲೇಜಿನಲ್ಲಿ ಓದಿದ್ದೇವೆ, ಅಂದಾಜುಪಟ್ಟಿಯಲ್ಲಿ ಬರೆದಿದ್ದೇವೆ, ಪತ್ರಕರ್ತರಿಗೂ ಹೇಳಿದ್ದೇವೆ. ಒಮ್ಮೆ ಬಂತಲ್ಲ, ಇನ್ನು ನಮ್ಮ ಕಾಲಕ್ಕೆ ಬರುವುದಿಲ್ಲ ಎಂದೇ ಒಳಗೊಳಗೆ ಅರ್ಥ ಮಾಡಿಕೊಂಡಿದ್ದೇವೆ. ತರಬೇತುದಾರರು ಒಂದು ಬಟ್ಟೆ ಚೀಲ ತಂದರು. ಒಳಗೆ 99 ಬಿಳಿ ಮಣಿ, 1 ಕೆಂಪು ಮಣಿ. ಕೈ ಹಾಕಿ ಒಂದು ತೆಗೆಯಬೇಕು, ನೋಡಿ ಮತ್ತೆ ಒಳಗೇ ಹಾಕಬೇಕು. ಹೀಗೆ 30 ಸಲ, ಒಂದು ಮನೆಯ ಸಾಲ ತೀರುವಷ್ಟು ವರ್ಷಗಳ ಲೆಕ್ಕ. ನಮ್ಮ ಹನ್ನೆರಡು ಜನರಲ್ಲಿ ಮೂವರ ಕೈಗೆ ಕೆಂಪು ಮಣಿ ಬಂತು; ನಮ್ಮ ಲೆಕ್ಕಪತ್ರ ವಿಭಾಗದ ಸಹೋದ್ಯೋಗಿಗೆ ಎರಡು ಸಲ ಬಂತು. ಪ್ರತಿ ವರ್ಷ ಶೇ. 1 ಸಾಧ್ಯತೆ ಅಂದರೆ 30 ವರ್ಷಗಳಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ ಸುಮಾರು ಶೇ. 26. ಸೂತ್ರ ನನಗೆ ಗೊತ್ತಿತ್ತು. ಆದರೆ ಅದು ಮೈಗೆ ಇಳಿದದ್ದು ಆ ಚೀಲದೊಳಗೆ ಕೈ ಹಾಕಿದಾಗ.

ಅದರ ಮೇಲೆ ಅವರು ಇನ್ನೊಂದು ಮಾತು ಸೇರಿಸಿದರು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7 ಹೆಚ್ಚು ನೀರಾವಿ ಹಿಡಿದುಕೊಳ್ಳಬಲ್ಲದು. ಹಾಗಾಗಿ ಚೀಲದಲ್ಲಿ ಕೆಂಪು ಮಣಿ ಒಂದೇ ಉಳಿಯುತ್ತದೆ ಎಂದು ನಂಬಿ ಚರಂಡಿ ಕಟ್ಟುವಂತಿಲ್ಲ. ನಮ್ಮ ಕಚೇರಿಯಲ್ಲಿ ಮಳೆಯ ತೀವ್ರತೆಯ ಕೋಷ್ಟಕ ಯಾವ ಕಾಲದ ದಾಖಲೆಯ ಮೇಲೆ ಮಾಡಿದ್ದು ಎಂದು ಕೇಳಿದರು. ಹುಡುಕಿದೆವು. ನಾನು ಕೆಲಸಕ್ಕೆ ಸೇರುವ ಮೊದಲೇ ಯಾರೋ ಒಂದು ಕೈಪಿಡಿಯಿಂದ ಇಳಿಸಿಕೊಂಡ ಅಂಕಿಗಳು. ಅವನ್ನೇ ಹದಿನೇಳು ವರ್ಷ ನಾನೂ ಬಳಸಿದ್ದೇನೆ.

ಇನ್ನೊಂದು ಲೆಕ್ಕವನ್ನು ನಾನೀಗ ಯಾರು ಕೇಳಿದರೂ ಮಾಡಿ ತೋರಿಸುತ್ತೇನೆ. ಒಂದು ಹೆಕ್ಟೇರ್ ಜಾಗದ ಮೇಲೆ ಗಂಟೆಗೆ 50 ಮಿ.ಮೀ. ಮಳೆ ಬೀಳುತ್ತಿದೆ ಎಂದುಕೊಳ್ಳಿ. ಅಂದರೆ ಸೆಕೆಂಡಿಗೆ ಸುಮಾರು 139 ಲೀಟರ್ ನೀರು. ಜಾಗ ತೋಟವೋ ಬಯಲೋ ಆಗಿದ್ದು ಅದರಲ್ಲಿ ಶೇ. 30 ಮಾತ್ರ ಹರಿದು ಬಂದರೆ ಚರಂಡಿಗೆ ಸೇರುವುದು 42 ಲೀಟರ್. ಅದೇ ಜಾಗವನ್ನು ಕಾಂಕ್ರೀಟ್ ಮಾಡಿ ಶೇ. 90 ಹರಿದು ಬರುವ ಹಾಗಾದರೆ 125 ಲೀಟರ್. ಮಳೆ ಹೆಚ್ಚಾಗಲೇ ಇಲ್ಲ, ಚರಂಡಿಯೂ ಹಳೆಯದೇ, ಆದರೂ ನೀರು ಮೂರು ಪಟ್ಟು. ಇಲ್ಲಿಯ ತನಕ ಹವಾಮಾನ ಅನ್ನುವುದು ಪರಿಸರ ಇಲಾಖೆಯ ವಿಷಯ ಅಂದುಕೊಂಡಿದ್ದ ನಗರ ಯೋಜನಾ ವಿಭಾಗದ ಸಹೋದ್ಯೋಗಿ ಆ ದಿನ ತಮ್ಮ ಕಟ್ಟಡ ಪರವಾನಗಿ ಕಡತಗಳನ್ನು ತೆಗೆದು, ನಿವೇಶನದಲ್ಲಿ ಮಣ್ಣು ಬಿಡಬೇಕೆಂಬ ನಿಯಮ ಎಷ್ಟು ಕಡೆ ಪಾಲನೆಯಾಗಿದೆ ಎಂದು ಎಣಿಸತೊಡಗಿದರು. ಎಣಿಕೆಯ ಫಲ ಚೆನ್ನಾಗಿರಲಿಲ್ಲ. ಆದರೆ ಅವರು ಎಣಿಸಿದರು, ಅದು ದೊಡ್ಡದು.

ಬೇರೆ ನಗರಗಳ ಉದಾಹರಣೆಗಳಿಗೆ ಮೂರು ವಾರ ಮೀಸಲಿತ್ತು. ಸಾಮಾನ್ಯವಾಗಿ ಇಂಥ ತರಗತಿಗಳಲ್ಲಿ ಸುಂದರ ಚಿತ್ರಗಳ ಮೆರವಣಿಗೆ ಇರುತ್ತದೆ: ನೆದರ್ಲೆಂಡ್ಸಿನ ರಾಟರ್‌ಡ್ಯಾಮಿನ ಬೆಂತೆಂಪ್ಲೈನ್ ಚೌಕ, ಒಣ ದಿನಗಳಲ್ಲಿ ಆಟದ ಅಂಗಳ, ಮಳೆ ಬಂದಾಗ 17 ಲಕ್ಷ ಲೀಟರ್ ನೀರು ಹಿಡಿಯುವ ತೊಟ್ಟಿ. ಅದನ್ನೂ ತೋರಿಸಿದರು. ಡೆನ್ಮಾರ್ಕಿನ ಕೋಪನ್‌ಹೇಗನ್ನಿನ ಕಥೆಯನ್ನು ಮಾತ್ರ ವಿವರವಾಗಿ ಬಿಡಿಸಿದರು. ಅಲ್ಲಿ 2011ರ ಜುಲೈ 2ರಂದು ಎರಡು ಗಂಟೆಯಲ್ಲಿ ಸುಮಾರು 150 ಮಿ.ಮೀ. ಮಳೆ ಸುರಿದು ನಗರದ ನೆಲಮಾಳಿಗೆಗಳು ಮುಳುಗಿದವು. ಮರುವರ್ಷವೇ ನಗರ ಒಂದು ಯೋಜನೆ ಮಾಡಿಕೊಂಡಿತು: ಸುಮಾರು 300 ಕಾಮಗಾರಿ, 20 ವರ್ಷ. ಎಲ್ಲ ನೀರನ್ನೂ ಪೈಪಿನೊಳಗೆ ತುಂಬುವ ಆಸೆ ಬಿಟ್ಟು, ಕೆಲವು ರಸ್ತೆಗಳೇ ಆ ಹೊತ್ತಿಗೆ ಕಾಲುವೆಗಳಾಗಲಿ, ಉದ್ಯಾನಗಳು ಕೆರೆಗಳಾಗಲಿ ಎಂದು ತೀರ್ಮಾನಿಸಿದರು. ನೂರು ವರ್ಷದ ಮಳೆಗೂ ರಸ್ತೆಯಲ್ಲಿ 10 ಸೆಂ.ಮೀ.ಗಿಂತ ಹೆಚ್ಚು ನೀರು ನಿಲ್ಲಬಾರದು ಎಂಬುದು ಗುರಿ. ನನಗೆ ಇದರಲ್ಲಿ ಹಿಡಿಸಿದ್ದು ಆ 10 ಸೆಂಟಿಮೀಟರ್. ನೀರು ನಿಲ್ಲುವುದೇ ಇಲ್ಲ ಎಂದು ಯಾವ ನಗರವೂ ಮಾತು ಕೊಡಲಾರದು. ಎಷ್ಟು ನಿಲ್ಲಬಹುದು ಎಂದು ಮೊದಲೇ ಒಪ್ಪಿಕೊಂಡು, ಅದನ್ನು ಅಂಕಿಯಲ್ಲಿ ಬರೆದು, ಜನರ ಮುಂದೆ ಇಡುವುದಕ್ಕೆ ಎದೆ ಬೇಕು.

ಸೋಲಿನ ಕಥೆಯನ್ನೂ ಅವರು ಮುಚ್ಚಿಡಲಿಲ್ಲ. ಚೀನಾದ ಝೆಂಗ್‌ಝೌ ಸ್ಪಾಂಜಿನಂತೆ ನೀರು ಹೀರುವ ನಗರವಾಗಲೆಂದು ಬಹಳ ಹಣ ಹಾಕಿದ್ದ ಊರು. 2021ರ ಜುಲೈ 20ರಂದು ಅಲ್ಲಿ ಒಂದೇ ಗಂಟೆಯಲ್ಲಿ 201.9 ಮಿ.ಮೀ. ಮಳೆ ಬಿತ್ತು. ಮೆಟ್ರೊ ಸುರಂಗದೊಳಗೆ ರೈಲಿನಲ್ಲಿ ಸಿಕ್ಕಿಕೊಂಡು 14 ಜನ ಸತ್ತರು. ಇಂಗುಗುಂಡಿ, ಹುಲ್ಲುಗಾವಲು, ನೀರು ಇಳಿಯುವ ನೆಲಹಾಸು ಇವೆಲ್ಲ ವರ್ಷಕ್ಕೆ ಹತ್ತಾರು ಸಲ ಬರುವ ಮಳೆಗೆ ಒಳ್ಳೆಯ ಉತ್ತರ. ಆ ದಿನ ಅಲ್ಲಿ ಬಿದ್ದಂಥ ಮಳೆಗೆ ಬೇಕಾದದ್ದು ರೈಲು ನಿಲ್ಲಿಸುವ ಅಧಿಕಾರ ಇರುವ ಒಬ್ಬ ವ್ಯಕ್ತಿ, ಅವರಿಗೆ ಸಮಯಕ್ಕೆ ತಲುಪುವ ಸುದ್ದಿ. ಹಸಿರು ಕಾಮಗಾರಿ ಮಾರುವ ಸಂಸ್ಥೆಯೊಂದು ಇದನ್ನು ತನ್ನ ಬಾಯಿಂದಲೇ ಹೇಳಿದ್ದಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ಅಹಮದಾಬಾದಿನ ಉದಾಹರಣೆ ನಮ್ಮ ಆರೋಗ್ಯ ವಿಭಾಗದವರ ಕಣ್ಣು ತೆರೆಸಿತು. ಅಲ್ಲಿ 2010ರ ಮೇ ತಿಂಗಳಲ್ಲಿ ಉಷ್ಣತೆ 46.8 ಡಿಗ್ರಿ ಮುಟ್ಟಿತು. ಸಾಮಾನ್ಯ ಮೇ ತಿಂಗಳಿಗಿಂತ 1,344 ಸಾವು ಹೆಚ್ಚಾದವು ಎಂದು ಆಮೇಲೆ ಲೆಕ್ಕ ಹಾಕಿದಾಗ ಗೊತ್ತಾಯಿತು. 2013ರಲ್ಲಿ ಆ ನಗರ ಬಿಸಿಗಾಳಿ ಕ್ರಿಯಾಯೋಜನೆ ಜಾರಿಗೆ ತಂದಿತು, ದಕ್ಷಿಣ ಏಷ್ಯಾದಲ್ಲೇ ಮೊದಲನೆಯದು. ದೊಡ್ಡ ಕಟ್ಟಡ, ಸುರಂಗ ಏನೂ ಬೇಕಾಗಲಿಲ್ಲ. ಬಣ್ಣದ ಮುನ್ನೆಚ್ಚರಿಕೆ, ವೈದ್ಯರಿಗೂ ಆಸ್ಪತ್ರೆ ಸಿಬ್ಬಂದಿಗೂ ತರಬೇತಿ, ಕುಡಿಯುವ ನೀರಿನ ಏರ್ಪಾಡು, ಹೊರಗೆ ದುಡಿಯುವವರಿಗೆ ಎಚ್ಚರಿಕೆ, ಆಮೇಲೆ ಬಡವರ ಮನೆಯ ಸೂರಿಗೆ ಬಿಳಿ ಬಣ್ಣ. ವರ್ಷಕ್ಕೆ ಸರಾಸರಿ ಸಾವಿರಕ್ಕೂ ಹೆಚ್ಚು ಸಾವು ತಪ್ಪಿದೆ ಎಂದು ನಂತರದ ಅಧ್ಯಯನ ಅಂದಾಜಿಸಿತು. ಸಾವಿನ ದಾಖಲೆಯನ್ನು ದಿನದ ಉಷ್ಣತೆಯ ಪಕ್ಕದಲ್ಲಿ ಇಟ್ಟು ನೋಡಬೇಕು ಎಂದು ಯಾರಿಗೋ ಹೊಳೆದದ್ದರಿಂದ ಇಷ್ಟೆಲ್ಲ ಆಯಿತು. ನಮ್ಮ ಜನನ ಮರಣ ನೋಂದಣಿ ಗುಮಾಸ್ತರು ಆ ವಾರವೇ ಹತ್ತು ವರ್ಷದ ಮರಣದ ದಿನಾಂಕಗಳನ್ನು ಒಂದು ಕಡೆ ಬರೆಯಲು ಶುರು ಮಾಡಿದರು. ಅವರಿಗೂ ಪಟ್ಟಿಯಲ್ಲಿ ಜಾಗ ಇರಲಿಲ್ಲ. ಪಕ್ಕದ ಕೋಣೆಯಿಂದ ಕೇಳಿಸಿಕೊಂಡು ಬಂದವರು.

ಗಿಡಗಳ ವಿಷಯದಲ್ಲಿ ಎರಡು ಊರುಗಳನ್ನು ತೋರಿಸಿದರು. ಕೊಲಂಬಿಯಾದ ಮೆಡೆಯೀನ್ ತನ್ನ ರಸ್ತೆ ಮತ್ತು ತೊರೆಗಳ ಉದ್ದಕ್ಕೂ 30 ಹಸಿರು ಪಟ್ಟಿಗಳನ್ನು ಬೆಳೆಸಿ, ಅಲ್ಲಿ ಉಷ್ಣತೆಯನ್ನು ಸುಮಾರು 2 ಡಿಗ್ರಿ ಇಳಿಸಿತು. ಗಿಡ ನೋಡಿಕೊಳ್ಳಲು ಬಡ ಕುಟುಂಬಗಳ 75 ಜನರಿಗೆ ತೋಟಗಾರಿಕೆ ಕಲಿಸಿ ಕೆಲಸ ಕೊಟ್ಟಿತು. ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನಿನ ಫ್ರೀಟೌನಿನಲ್ಲಿ ಗಿಡ ನೆಟ್ಟವರೇ ಮೊಬೈಲಿನಲ್ಲಿ ಅದರ ಚಿತ್ರ ತೆಗೆದು ಕಳಿಸುತ್ತಾ, ಅದು ಬದುಕಿದ್ದರೆ ಹಣ ಪಡೆಯುತ್ತಾರೆ. ನಾವು ಎಣಿಸುವುದು ನೆಟ್ಟ ಗಿಡಗಳನ್ನು. ಎರಡು ವರ್ಷದ ನಂತರ ಎಷ್ಟು ಉಳಿದವು ಎಂಬುದಕ್ಕೆ ನಮ್ಮ ನಮೂನೆಯಲ್ಲಿ ಕಾಲಂ ಕೂಡ ಇರಲಿಲ್ಲ. ಈಗ ಇದೆ.

ಇಷ್ಟು ಹೊಗಳಿದ ಮೇಲೆ ಇಂಗಾಲದ ಲೆಕ್ಕಕ್ಕೆ ಬರುತ್ತೇನೆ. ಐದು ವಾರ. ನಗರಗಳ ಹೊರಸೂಸುವಿಕೆ ಲೆಕ್ಕ ಹಾಕಲು 2014ರಲ್ಲಿ ಪ್ರಕಟವಾದ ಒಂದು ಜಾಗತಿಕ ಕ್ರಮ ಇದೆ; ನಗರದ ಒಳಗೇ ಸುಟ್ಟದ್ದು, ಹೊರಗಿಂದ ಬಂದ ವಿದ್ಯುತ್ತಿನದು, ನಗರದಿಂದಾಗಿ ಹೊರಗೆ ಆದದ್ದು ಎಂದು ಮೂರು ಬಗೆ. ಕ್ರಮ ಒಳ್ಳೆಯದೇ. ಆದರೆ ವಿದ್ಯುತ್ ಬಳಕೆಯ ವಿವರ ಇರುವುದು ವಿದ್ಯುತ್ ಕಂಪನಿಯ ಹತ್ತಿರ, ಪೆಟ್ರೋಲಿನದು ಎಣ್ಣೆ ಕಂಪನಿಗಳ ಹತ್ತಿರ, ನಮ್ಮ ಹತ್ತಿರ ಇರುವುದು ಪತ್ರ ಬರೆಯುವ ಅಧಿಕಾರ ಮಾತ್ರ. ಮೂರು ವಾರ ಪತ್ರ ಬರೆದೆವು, ಉಳಿದ ಎರಡು ವಾರ ಅಂದಾಜು ತುಂಬಿದೆವು. ಚರಂಡಿ ಹೂಳೆತ್ತಲು ಜನ ಸಾಲದ ನಗರ ತನ್ನ ಅತ್ಯುತ್ತಮ ಹನ್ನೆರಡು ಸಿಬ್ಬಂದಿಯನ್ನು ಐದು ವಾರ ಕಂಪ್ಯೂಟರ್ ಹಾಳೆಯ ಮುಂದೆ ಕೂರಿಸುವುದು ಸರಿಯಲ್ಲ ಎಂದು ಆಗಲೂ ಹೇಳಿದೆ, ಈಗಲೂ ಹೇಳುತ್ತೇನೆ. ಎರಡು ವಾರ ಸಾಕಿತ್ತು. ಆದರೂ ಅದರಿಂದ ಒಂದು ಬೆಲೆಬಾಳುವ ಸಂಗತಿ ಸಿಕ್ಕಿತು: ನಗರಾಡಳಿತದ ಸ್ವಂತ ವಿದ್ಯುತ್ ಬಿಲ್ಲಿನ ಅತಿ ದೊಡ್ಡ ಪಾಲು ನೀರೆತ್ತುವ ಪಂಪುಗಳದ್ದು. ಬೀದಿ ದೀಪಗಳದ್ದಿರಬೇಕೆಂದು ನಾವೆಲ್ಲ ನಂಬಿದ್ದೆವು. ಪೈಪಿನಲ್ಲಿ ಸೋರಿ ಹೋಗುವ ಒಂದೊಂದು ಕೊಡ ನೀರನ್ನೂ ವಿದ್ಯುತ್ ಸುಟ್ಟು ಮೇಲೆತ್ತಿರುತ್ತೇವೆ. ಸೋರಿಕೆ ಮುಚ್ಚಿದರೆ ಬಿಲ್ಲೂ ಇಳಿಯುತ್ತದೆ, ಬರಗಾಲಕ್ಕೆ ನೀರೂ ಉಳಿಯುತ್ತದೆ. ಹಸಿರು ಅಭಿವೃದ್ಧಿ ಎಂದರೆ ಸೌರಫಲಕದ ಚಿತ್ರ ಕಣ್ಣಿಗೆ ಬರುತ್ತಿದ್ದ ನನಗೆ ಈಗ ಮೊದಲು ನೆನಪಾಗುವುದು ವಾಲ್ವ್ ಬಿಗಿಮಾಡುವ ನೀರಗಂಟಿಯ ಕೈ.

ಉಷ್ಣತೆಯ ನಕ್ಷೆಯ ಬಗ್ಗೆ ನನ್ನ ತಕರಾರು ಗಂಭೀರವಾದದ್ದು. ಉಪಗ್ರಹದ ಚಿತ್ರದಿಂದ ಮಾಡಿದ ಕೆಂಪು ಹಳದಿ ನಕ್ಷೆಯೊಂದನ್ನು ಕೊಟ್ಟು, ಇದೇ ನಿಮ್ಮ ಬಿಸಿ ವಾರ್ಡುಗಳ ಪಟ್ಟಿ ಎಂದರು. ಉಪಗ್ರಹ ನೋಡುವುದು ನೆಲದ, ಸೂರಿನ ಮೇಲ್ಮೈ ಬಿಸಿಯನ್ನು. ಜನ ಉಸಿರಾಡುವ ಗಾಳಿಯ ಬಿಸಿಯನ್ನು ಅಲ್ಲ. ಅದು ನಮ್ಮ ಮೇಲೆ ಹಾದು ಹೋಗುವುದೂ ಬೆಳಗಿನ ಹತ್ತು ಹತ್ತೂವರೆಯ ಹೊತ್ತಿಗೆ. ಮೈದಣಿದು ಬಂದವರನ್ನು ಕೊಲ್ಲುವುದು ಮುಖ್ಯವಾಗಿ ತಣಿಯದ ರಾತ್ರಿ. ನಾನೂ ಆರೋಗ್ಯ ವಿಭಾಗದ ಸಹಾಯಕಿಯೂ ಒಂದು ವಾರ ರಾತ್ರಿ ಹನ್ನೊಂದರ ನಂತರ ಉಷ್ಣಮಾಪಕ ಹಿಡಿದು ತಗಡಿನ ಸೂರಿನ ಮನೆಗಳ ಸಾಲಿಗೆ ಹೋದೆವು. ಬೀದಿಯಲ್ಲಿ 29 ಡಿಗ್ರಿ ಇದ್ದಾಗ ಕಿಟಕಿಯಿಲ್ಲದ ಒಂದು ಕೋಣೆಯೊಳಗೆ 34 ತೋರಿಸಿತು. ಒಳಗೆ ಬಾಣಂತಿ ಮಲಗಿದ್ದಳು. "ಹಗಲು ಹೇಗೋ ಹೊರಗೆ ಕೂರ್ತೀವಿ ಅಕ್ಕ, ರಾತ್ರಿ ಎಲ್ಲಿಗೆ ಹೋಗೋಣ?" ಎಂದಳು. ಆ ಬೀದಿ ಸಂಸ್ಥೆ ಕೊಟ್ಟ ಪಟ್ಟಿಯಲ್ಲಿ ಒಂಬತ್ತನೆಯ ಸ್ಥಾನದಲ್ಲಿತ್ತು. ಮೊದಲ ಸ್ಥಾನದಲ್ಲಿ ಇದ್ದದ್ದು ಯಾರೂ ವಾಸವಿಲ್ಲದ ಉಗ್ರಾಣಗಳ ಪ್ರದೇಶ, ಅದರ ಸೂರುಗಳು ಹಗಲು ಕಾಯುತ್ತವೆ, ಅಷ್ಟೇ. ನಾವು ಅಂಕಿಗಳನ್ನು ತೋರಿಸಿದಾಗ ತರಬೇತುದಾರರು ಒಪ್ಪಿಕೊಂಡು ಪಟ್ಟಿ ತಿದ್ದಿದರು. ಆದರೆ ಇದನ್ನು ಹೇಳಿಕೊಡಬೇಕಾದವರು ಅವರು, ನಾವಲ್ಲ. ಉಪಗ್ರಹ ನಕ್ಷೆ ಕೊಡುವ ಯಾವ ಸೇವೆಯನ್ನು ಪಡೆದರೂ ಮೊದಲು ಇದು ಮೇಲ್ಮೈಯದೋ ಗಾಳಿಯದೋ, ಹಗಲಿನದೋ ರಾತ್ರಿಯದೋ ಎಂದು ಕೇಳಿ.

ಹಣಕಾಸಿನ ಭಾಗ ಇಡೀ ಕಾರ್ಯಕ್ರಮದಲ್ಲಿ ಅತ್ಯಂತ ದುರ್ಬಲ. ಸ್ವೀಡನ್ನಿನ ಗೊಥೆನ್‌ಬರ್ಗ್ 2013ರಲ್ಲಿ ಹಸಿರು ಬಾಂಡ್ (ಪರಿಸರದ ಕೆಲಸಕ್ಕೆಂದೇ ಮಾರುಕಟ್ಟೆಯಿಂದ ಎತ್ತುವ ಸಾಲ) ಹೊರಡಿಸಿದ ಕಥೆಯನ್ನು ಒಂದು ಇಡೀ ದಿನ ಹೇಳಿದರು. ನಮ್ಮ ಲೆಕ್ಕಪತ್ರ ಸಹೋದ್ಯೋಗಿ ಸುಮ್ಮನೆ ಕೇಳಿಸಿಕೊಂಡು ಕೊನೆಗೆ ಎದ್ದು, "ಸರ್, ನಮ್ಮ ಹಿಂದಿನ ವರ್ಷದ ಲೆಕ್ಕಪರಿಶೋಧನೆ ಇನ್ನೂ ಮುಗಿದಿಲ್ಲ. ನಮಗೆ ಬಾಂಡ್ ಯಾರು ಕೊಳ್ಳುತ್ತಾರೆ?" ಎಂದು ಕೇಳಿದರು. ಅಭಿವೃದ್ಧಿಶೀಲ ದೇಶಗಳ 500 ದೊಡ್ಡ ನಗರಗಳಲ್ಲಿ ಐದರಲ್ಲೊಂದಕ್ಕಿಂತಲೂ ಕಡಿಮೆ ನಗರಗಳಿಗೆ ಮಾತ್ರ ತಮ್ಮ ದೇಶದ ಮಾರುಕಟ್ಟೆಯಲ್ಲಿ ಸಾಲ ಪಡೆಯುವ ಅರ್ಹತೆ ಇದೆ ಎಂದು ವಿಶ್ವಬ್ಯಾಂಕೇ ಹೇಳಿದೆ. ಅರ್ಹತೆ ಇದ್ದೂ ಬಾಗಿಲು ಮುಚ್ಚಬಹುದು: ಸೆನೆಗಲ್ಲಿನ ಡಾಕರ್ ನಗರ ವರ್ಷಗಟ್ಟಲೆ ಲೆಕ್ಕ ಸರಿಪಡಿಸಿಕೊಂಡು 2015ರಲ್ಲಿ ಬಾಂಡ್ ಹೊರಡಿಸಲು ಸಿದ್ಧವಾದಾಗ ಕೊನೆಯ ಗಳಿಗೆಯಲ್ಲಿ ಕೇಂದ್ರ ಸರ್ಕಾರ ತಡೆಯಿತು. ನಮಗೆ ಬೇಕಾಗಿದ್ದದ್ದು ಇದಕ್ಕಿಂತ ಬಹಳ ಕೆಳಗಿನ ಮೆಟ್ಟಿಲು: ಆಸ್ತಿ ತೆರಿಗೆಯ ಪಟ್ಟಿ ಹೊಸದು ಮಾಡುವುದು ಹೇಗೆ, ಕಟ್ಟಿದ್ದನ್ನು ನೋಡಿಕೊಳ್ಳಲು ಬಜೆಟ್ಟಿನಲ್ಲಿ ಬೇರೆ ಶೀರ್ಷಿಕೆ ತೆರೆಯುವುದು ಹೇಗೆ, ಈಗಾಗಲೇ ಮಂಜೂರಾದ ರಸ್ತೆ ಕಾಮಗಾರಿಯ ಅಂದಾಜುಪಟ್ಟಿಯಲ್ಲೇ ಪಕ್ಕದ ಇಂಗುಗುಂಡಿಯನ್ನೂ ಸೇರಿಸುವುದು ಹೇಗೆ. ಈ ಕೊನೆಯದನ್ನು ನಾವೇ ಕಂಡುಕೊಂಡೆವು. ರಸ್ತೆ ಹೇಗಿದ್ದರೂ ಅಗೆಯುತ್ತೇವೆ. ಆಗಲೇ ಮಾಡಿದರೆ ಬೇರೆ ಟೆಂಡರ್ ಬೇಡ.

ಕೊನೆಗೆ ವರದಿ ಬಂತು. 214 ಪುಟ, ಹೊಳಪು ಕಾಗದ, ಮೂರು ಪ್ರತಿ. ಒಂದು ಆಯುಕ್ತರ ಕೋಣೆಗೆ, ಒಂದು ಗ್ರಂಥಾಲಯಕ್ಕೆ, ಒಂದು ನನಗೆ. ಇಡೀ ವರದಿ ಇಂಗ್ಲಿಷಿನಲ್ಲಿ. 23 ತಗ್ಗುಗಳ ವಿವರ ಕೊಟ್ಟ ಮೇಸ್ತ್ರಿಯವರಿಗೆ ಅದರ ಒಂದು ವಾಕ್ಯವೂ ಓದಲು ಬರುವುದಿಲ್ಲ. ಅವರ ಮಾಹಿತಿ ಅನುಬಂಧದಲ್ಲಿ "ಸ್ಥಳೀಯ ಮೂಲಗಳು" ಎಂಬ ಹೆಸರಿನಲ್ಲಿ ಸೇರಿಹೋಗಿತ್ತು. ನನಗೆ ಆ ದಿನ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಸೇವೆಯ ಹೆಸರಿನಲ್ಲೇ ಸಾಮರ್ಥ್ಯ ಬೆಳೆಸುವುದು ಎಂದಿದೆ. ಯಾರ ಸಾಮರ್ಥ್ಯ?

ಇದಕ್ಕಿಂತ ದೊಡ್ಡ ತೊಂದರೆ ಆಮೇಲೆ ಗೊತ್ತಾಯಿತು. ತರಬೇತಿ ಮುಗಿದು ಒಂದು ವರ್ಷದೊಳಗೆ ಹನ್ನೆರಡು ಜನರಲ್ಲಿ ಏಳು ಮಂದಿಗೆ ವರ್ಗವಾಯಿತು. ಮಣಿ ಚೀಲದಲ್ಲಿ ಎರಡು ಸಲ ಕೆಂಪು ತೆಗೆದವರೂ ಹೋದರು, ಪರವಾನಗಿ ಕಡತ ಎಣಿಸಿದವರೂ ಹೋದರು. ಹೊಸಬರಿಗೆ ಆ ಮಣಿ ಚೀಲದ ವಿಷಯ ಗೊತ್ತಿಲ್ಲ. ಇದು ನಮ್ಮೊಬ್ಬರ ಕಥೆಯಲ್ಲ ಎಂದು ನನಗೆ ಗೊತ್ತಿದೆ. ರಾಕ್‌ಫೆಲ್ಲರ್ ಪ್ರತಿಷ್ಠಾನ 2013ರಲ್ಲಿ ಶುರು ಮಾಡಿದ, ನೂರು ನಗರಗಳಿಗೆ ವಿಪತ್ತು ತಾಳಿಕೊಳ್ಳುವ ಶಕ್ತಿ ತುಂಬುವ ಕಾರ್ಯಕ್ರಮ ಪ್ರತಿ ನಗರಕ್ಕೂ ಇದಕ್ಕಾಗಿಯೇ ಒಬ್ಬ ಮುಖ್ಯ ಅಧಿಕಾರಿ ಇರಲಿ ಎಂದು ಎರಡು ವರ್ಷದ ಸಂಬಳಕ್ಕೆ ಹಣ ಕೊಟ್ಟಿತ್ತು. 2019ರಲ್ಲಿ ಕಾರ್ಯಕ್ರಮವೇ ಮುಗಿಯಿತು. ಆ ಹುದ್ದೆಯನ್ನು ತಮ್ಮದೇ ಬಜೆಟ್ಟಿಗೆ ತಂದುಕೊಂಡ ನಗರಗಳಲ್ಲಿ ಕೆಲಸ ಉಳಿಯಿತು. ಹೊರಗಿನ ಹಣ ನಿಂತ ಮರುದಿನ ಈ ಕೆಲಸ ಯಾರ ಮೇಜಿನ ಮೇಲೆ ಇರುತ್ತದೆ ಎಂಬ ಪ್ರಶ್ನೆ ನಮ್ಮ ಕರಾರಿನಲ್ಲಿ ಎಲ್ಲೂ ಇರಲಿಲ್ಲ.

ಹಾಗಾದರೆ ಏನು ಉಳಿಯಿತು? ವರ್ಗವಾಗದವರ ಕೈಲಿ ಇದ್ದದ್ದು ಉಳಿಯಿತು. ಮೇಸ್ತ್ರಿ, ಪಂಪ್ ಚಾಲಕರು, ನೀರಗಂಟಿಗಳು, ನೋಂದಣಿ ಗುಮಾಸ್ತರು. ವರದಿ ಬಂದ ತಿಂಗಳಲ್ಲಿ ನಾವು ಆ 23 ಜಾಗಗಳ ಗೋಡೆಗಳಿಗೂ ಸೇತುವೆ ಕಂಬಗಳಿಗೂ ಅಳತೆಯ ಪಟ್ಟಿ ಬಳಿದೆವು: ಅಡಿಯಲ್ಲಿ ಹಸಿರು, ಮೇಲೆ ಹಳದಿ, ಅದರ ಮೇಲೆ ಕೆಂಪು. ಕೆಂಪು ಎಲ್ಲಿಂದ ಶುರುವಾಗಬೇಕು ಎಂದು ನಿರ್ಧರಿಸಿದ್ದು ಪ್ರತಿ ಜಾಗದಲ್ಲೂ ವಾಸಿಸುವ ಜನ. ಒಂದು ಕಡೆ ಅದು ಹೊಸ್ತಿಲು, ಇನ್ನೊಂದು ಕಡೆ ಟ್ರಾನ್ಸ್‌ಫಾರ್ಮರ್ ಕಟ್ಟೆ. ಒಂದು ಗಟ್ಟಿ ರಟ್ಟಿನ ಪುಸ್ತಕ ಇಟ್ಟೆವು. ನಾಲ್ಕು ಕಾಲಂ, ಎಲ್ಲವೂ ಕನ್ನಡದಲ್ಲಿ: ಜಾಗ, ಹೊತ್ತು, ಬಣ್ಣ, ಏನು ಮಾಡಿದೆವು.

ಕಳೆದ ಮಳೆಗಾಲದ ಒಂದು ರಾತ್ರಿ ಎರಡು ಗಂಟೆಯ ಸುಮಾರಿಗೆ ಮೇಸ್ತ್ರಿಯವರ ಫೋನ್ ಬಂತು. "ಮೇಡಂ, ರೈಲ್ವೆ ಕೆಳಸೇತುವೆ ಕೆಂಪು ಮುಟ್ಟುತ್ತಾ ಇದೆ. ನಾನು ಡ್ರಮ್ ಅಡ್ಡ ಇಟ್ಟಿದ್ದೀನಿ, ನೀವು ಪೊಲೀಸರಿಗೆ ಹೇಳಿ." ನಾನು ಹೇಳಿದೆ. ಇಪ್ಪತ್ತು ನಿಮಿಷದ ನಂತರ ಬಂದ ರಾತ್ರಿ ಬಸ್ಸು ಡ್ರಮ್ಮುಗಳ ಮುಂದೆ ನಿಂತು ಹಿಂದಕ್ಕೆ ಹೋಯಿತು. ಹಿಂದಿನ ದೊಡ್ಡ ಮಳೆಯಲ್ಲಿ ಇದೇ ಜಾಗದಲ್ಲಿ ಬಸ್ಸೊಂದು ನೀರಿಗಿಳಿದು, ಜನ ಕಿಟಕಿಯಿಂದ ಹೊರಗೆ ಬಂದಿದ್ದರು. ಪುಸ್ತಕದಲ್ಲಿ ಆ ರಾತ್ರಿಯ ಸಾಲು ಅವರದೇ ಅಕ್ಷರದಲ್ಲಿದೆ. ಡ್ರಮ್ ಎಂಬುದಕ್ಕೆ ಒತ್ತಕ್ಷರ ತಪ್ಪಾಗಿದೆ, ತಿದ್ದಬೇಡಿ ಎಂದು ಹೊಸ ಸಹಾಯಕ ಎಂಜಿನಿಯರಿಗೆ ಹೇಳಿದ್ದೇನೆ.

ಈ ಸೇವೆ ಪಡೆಯಬಹುದೇ ಎಂದು ಕೇಳಿದರೆ, ಪಡೆಯಿರಿ ಎನ್ನುತ್ತೇನೆ, ಆದರೆ ನಾವು ಹಾಕಿದ ಸಹಿಯಂತೆ ಕಣ್ಣುಮುಚ್ಚಿ ಹಾಕಬೇಡಿ. ತರಬೇತುದಾರರಲ್ಲಿ ಇಬ್ಬರು ನಿಜಕ್ಕೂ ಕೆಲಸ ಬಲ್ಲವರು, ಕೆಸರಿಗೆ ಇಳಿಯುವವರು. ಕರಾರಿನಲ್ಲಿ ಅಂಥವರ ಹೆಸರೇ ಬರೆಸಿ, ಆಮೇಲೆ ಹೊಸ ಹುಡುಗರನ್ನು ಕಳಿಸದ ಹಾಗೆ. ಅರ್ಧಕ್ಕಿಂತ ಹೆಚ್ಚು ದಿನಗಳು ತರಗತಿಯ ಹೊರಗೆ ಇರಲಿ. ವರದಿ ನಿಮ್ಮ ಸಿಬ್ಬಂದಿ ಓದುವ ಭಾಷೆಯಲ್ಲಿ ಇರಲಿ, ಮೂವತ್ತು ಪುಟ ಸಾಕು. ಲೆಕ್ಕಪತ್ರ ವಿಭಾಗದವರನ್ನು ಮೊದಲ ದಿನದಿಂದಲೇ ಕೂರಿಸಿ. ಕೊನೆಯ ಕಂತನ್ನು ತರಬೇತಿ ಮುಗಿದ ದಿನ ಕೊಡಬೇಡಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದ ಮೇಲೆ ಅವರು ಮತ್ತೆ ಬಂದು, ಕಲಿಸಿದ್ದರಲ್ಲಿ ಏನು ನಡೆಯುತ್ತಿದೆ ಎಂದು ನಿಮ್ಮ ಜೊತೆ ನಡೆದು ನೋಡಿದ ಮೇಲೆ ಕೊಡಿ.

ನಮ್ಮ ನಗರಾಡಳಿತ ಈಗ ಎರಡನೆಯ ಹಂತಕ್ಕೆ ಅದೇ ಸಂಸ್ಥೆಯ ಜೊತೆ ಮಾತಾಡುತ್ತಿದೆ. ಕರಡು ಕರಾರನ್ನು ಈ ಸಲ ನಾನು ಬರೆದಿದ್ದೇನೆ. ಕಲಿಯುವವರ ಪಟ್ಟಿ ಉದ್ದವಾಗಿದೆ. ಕಲಿಸುವವರ ಪಟ್ಟಿಯಲ್ಲಿ ಮೇಸ್ತ್ರಿಯವರ ಹೆಸರು ಮೂರನೆಯದು, ಉಳಿದ ತರಬೇತುದಾರರಿಗೆ ಕೊಡುವಷ್ಟೇ ದಿನದ ಗೌರವಧನದೊಂದಿಗೆ. ಕಡತ ಆಯುಕ್ತರ ಮೇಜಿನ ಮೇಲಿದೆ.